ನಿತ್ಯಕರ್ಮವಾಗಿ ಸಂವಾದ

ಮೇಲಧಿಕಾರಿಯು ತನ್ನ ಕೈಕೆಳಗಿನ ಪ್ರತಿಯೊಬ್ಬ ನೌಕರನೊಡನೆ ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಪ್ರತ್ಯೇಕವಾಗಿ ಕುಳಿತು ಮಾತನಾಡುವ ಪದ್ಧತಿಯು ಇಂದಿನ ಕಚೇರಿಗಳಲ್ಲಿ 'ಒನ್-ಟು-ಒನ್' ಎಂಬ ಹೆಸರಿನಿಂದ ರೂಢಿಯಲ್ಲಿದೆ. ಇಂಟೆಲ್ ಸಂಸ್ಥೆಯನ್ನು ಮುನ್ನಡೆಸಿದ ಆಂಡ್ರ್ಯೂ ಗ್ರೋವ್ ಅವರು 1983ರ 'ಹೈ ಔಟ್‌ಪುಟ್ ಮ್ಯಾನೇಜ್‌ಮೆಂಟ್' ಗ್ರಂಥದಲ್ಲಿ ಇದನ್ನು ವಿವರಿಸುತ್ತ, ಈ ಭೇಟಿ ನೌಕರನಿಗೆ ಸೇರಿದ್ದು, ಚರ್ಚೆಯ ವಿಷಯಗಳನ್ನು ಅವನೇ ಗೊತ್ತುಮಾಡಬೇಕು, ಕನಿಷ್ಠ ಒಂದು ಗಂಟೆಯಾದರೂ ಅದಕ್ಕೆ ಮೀಸಲಿರಬೇಕು ಎಂದು ಪ್ರತಿಪಾದಿಸಿದರು. ಆಡಳಿತದ ಉಪಾಯವಾಗಿ ಬೆಳೆದ ಈ ಪದ್ಧತಿಯಲ್ಲಿ ತತ್ತ್ವಶಾಸ್ತ್ರದ ಪ್ರಶ್ನೆಯೊಂದು ಅಡಗಿದೆ: ಒಬ್ಬನ ಸಂಬಳವೂ ಬಡ್ತಿಯೂ ಇನ್ನೊಬ್ಬನ ಕೈಯಲ್ಲಿರುವಾಗ ಅವರಿಬ್ಬರ ನಡುವೆ ನಿಜವಾದ ಸಂವಾದ ಸಾಧ್ಯವೇ?

ಯಹೂದಿ ಚಿಂತಕ ಮಾರ್ಟಿನ್ ಬೂಬರ್ ಅವರು 1923ರಲ್ಲಿ ಪ್ರಕಟಿಸಿದ 'ನಾನು ಮತ್ತು ನೀನು' ಎಂಬ ಜರ್ಮನ್ ಕೃತಿಯಲ್ಲಿ ಮನುಷ್ಯನ ಸಂಬಂಧಗಳನ್ನು ಎರಡಾಗಿ ವಿಂಗಡಿಸಿದರು. ಎದುರಿನವನನ್ನು ಬಳಕೆಯ ವಸ್ತುವಾಗಿ ಕಾಣುವುದು 'ನಾನು–ಅದು' ಸಂಬಂಧ. ಅವನನ್ನು ಪೂರ್ಣ ವ್ಯಕ್ತಿಯಾಗಿ ಎದುರುಗೊಳ್ಳುವುದು 'ನಾನು–ನೀನು' ಸಂಬಂಧ. 1957ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ ಅವರೊಡನೆ ನಡೆದ ಸಂವಾದದಲ್ಲಿ ಬೂಬರ್, ಚಿಕಿತ್ಸಕನಿಗೂ ರೋಗಿಗೂ ಪೂರ್ಣ ಸಮಾನತೆ ಇರಲಾರದು, ಏಕೆಂದರೆ ನೆರವು ಬೇಡಿ ಬಂದವನು ಒಬ್ಬನೇ ಎಂದು ವಾದಿಸಿದರು. ಕಚೇರಿಯ ಭೇಟಿಗೂ ಈ ಮಾತು ಸಲ್ಲುತ್ತದೆ. ಅಲ್ಲಿನ ಅಸಮಾನತೆಯನ್ನು ಸ್ನೇಹದ ನಟನೆಯಿಂದ ಮುಚ್ಚುವುದು ಅಪ್ರಾಮಾಣಿಕತೆಯಾಗುತ್ತದೆ. ಅದನ್ನು ಒಪ್ಪಿಕೊಂಡಾಗ, ಆಲಿಸುವ ಹೊಣೆಯು ಅಧಿಕಾರವುಳ್ಳವನ ಮೇಲೆಯೇ ಹೆಚ್ಚಾಗಿ ಬೀಳುತ್ತದೆ.

ಈ ಹೊಣೆಯ ಸ್ವರೂಪವನ್ನು ಅರಿಯಲು ಪೂರ್ವಮೀಮಾಂಸೆಯ, ಅಂದರೆ ವೇದೋಕ್ತ ಕರ್ಮಗಳ ವಿಚಾರ ಮಾಡುವ ದರ್ಶನದ, ವಿಭಾಗವೊಂದು ನೆರವಾಗುತ್ತದೆ. ಫಲವನ್ನು ಬಯಸಿ ಮಾಡುವುದು ಕಾಮ್ಯಕರ್ಮ. ಗ್ರಹಣದಂತಹ ನಿಮಿತ್ತ ಒದಗಿದಾಗ ಮಾಡುವುದು ನೈಮಿತ್ತಿಕ. ಸಂಧ್ಯಾವಂದನೆಯಂತೆ ತಪ್ಪದೆ ಮಾಡಬೇಕಾದದ್ದು ನಿತ್ಯ. ನಿತ್ಯಕರ್ಮವನ್ನು ಮಾಡಿದರೆ ವಿಶೇಷ ಫಲವಿಲ್ಲ, ಬಿಟ್ಟರೆ ಮಾತ್ರ ಪ್ರತ್ಯವಾಯ, ಅಂದರೆ ಲೋಪದಿಂದ ಒದಗುವ ದೋಷ, ಉಂಟಾಗುತ್ತದೆ ಎಂಬುದು ಮೀಮಾಂಸಕರಲ್ಲಿ ಹಲವರ ಮತ. ತಪ್ಪು ನಡೆದಾಗಲಷ್ಟೇ ನೌಕರನನ್ನು ಕೋಣೆಗೆ ಕರೆಯುವ ಅಧಿಕಾರಿಯ ಮಾತುಕತೆ ನೈಮಿತ್ತಿಕವಾದದ್ದು. ಹೆಚ್ಚು ಕೆಲಸ ತೆಗೆಯಲೆಂದೇ ಕರೆಯುವವನದು ಕಾಮ್ಯ. ಇವೆರಡರಲ್ಲೂ ನೌಕರನು ಬಾಗಿಲು ದಾಟುವ ಮೊದಲೇ ಕಾರಣವನ್ನು ಊಹಿಸಿ ಉತ್ತರಗಳನ್ನು ಹೊಂದಿಸಿಕೊಂಡಿರುತ್ತಾನೆ. ಯಾವ ಕಾರಣವೂ ಇಲ್ಲದೆ, ಗೊತ್ತಾದ ದಿನ ಬಂದಿತೆಂಬುದಕ್ಕಾಗಿಯೇ ನಡೆಯುವ ಭೇಟಿಯಲ್ಲಿ ಅವನಿಗೆ ಆ ರಕ್ಷಣೆ ಬೇಕಾಗುವುದಿಲ್ಲ. ಮನೆಯಲ್ಲಿ ತಾಯಿಗೆ ಕಾಯಿಲೆಯೆಂಬುದೋ, ವಹಿಸಿದ ಕೆಲಸ ತನಗೆ ತಿಳಿಯುತ್ತಿಲ್ಲವೆಂಬುದೋ ಆಗ ಹೊರಬರುತ್ತದೆ.

ಪ್ರತ್ಯವಾಯದ ವಿಚಾರವೂ ಇಲ್ಲಿ ಅನ್ವಯಿಸುತ್ತದೆ. ಗ್ರಾಹಕರ ಫೋನ್ ಬಂದಿತೆಂದು ಭೇಟಿಯನ್ನು ಮತ್ತೆಮತ್ತೆ ಮುಂದೂಡಿದಾಗ, ತನಗಿಂತ ಉಳಿದೆಲ್ಲವೂ ಮುಖ್ಯವೆಂಬುದನ್ನು ನೌಕರನು ಹೇಳಿಸಿಕೊಳ್ಳದೆಯೇ ಅರಿಯುತ್ತಾನೆ. ಆದರೆ ನಿಯಮವೊಂದೇ ಸಾಲದು. ಶ್ರದ್ಧೆಯಿಲ್ಲದ ಸಂಧ್ಯಾವಂದನೆಯಂತೆ, ಲ್ಯಾಪ್‌ಟಾಪಿನ ಮೇಲೆ ಕಣ್ಣಿಟ್ಟು ತಲೆಯಾಡಿಸುವ ಅಧಿಕಾರಿಯ ಭೇಟಿಯೂ ಬರಿಯ ಆಚಾರವಾಗುತ್ತದೆ. ನಂಬಿ ಹೇಳಿದ ಮಾತು ವರ್ಷಾಂತ್ಯದ ಅಪ್ರೈಸಲ್‌ನಲ್ಲಿ ದೋಷವಾಗಿ ದಾಖಲಾದರೆ ಅದು ದ್ರೋಹವೇ ಆಗುತ್ತದೆ.

ಆದ್ದರಿಂದ, ಸಮಾನರಲ್ಲದವರ ನಡುವೆಯೂ ಸಂವಾದ ಸಾಧ್ಯ. ಆದರೆ ಅದರ ಬೆಲೆಯನ್ನು ಅಧಿಕಾರವುಳ್ಳವನೇ ತೆರಬೇಕು. ಕೆಲಸದ ಒತ್ತಡ ಹೆಚ್ಚಿದ ವಾರದಲ್ಲೂ ಆ ಒಂದು ಗಂಟೆಯನ್ನು ಬಿಟ್ಟುಕೊಡದಿರುವುದು ಅವನ ಔದಾರ್ಯವಲ್ಲ, ಕರ್ತವ್ಯ.