ಈ ಬಾಯಿ ಯಾರದು?

ಕತ್ತಲು ತುಂಬಿದ ರಂಗ. ನೆಲದಿಂದ ಎಂಟು ಅಡಿ ಎತ್ತರದಲ್ಲಿ ಒಂದು ಬಾಯಿಗೆ ಮಾತ್ರ ಬೆಳಕು. ಮುಖವಿಲ್ಲ, ಕಣ್ಣಿಲ್ಲ, ಮೈಯಿಲ್ಲ. ಆ ಬಾಯಿ ಉಸಿರಿಗೂ ಬಿಡುವು ಕೊಡದೆ ಒಬ್ಬ ಮುದುಕಿಯ ಕಥೆ ಹೇಳುತ್ತದೆ. ಐರ್ಲೆಂಡಿನ ಸ್ಯಾಮ್ಯುಯೆಲ್ ಬೆಕೆಟ್ 1972ರಲ್ಲಿ ಬರೆದ 'ನಾಟ್ ಐ' ನಾಟಕ ಇದು. ನಮ್ಮ ಮಾತಿನಲ್ಲಿ 'ನಾನಲ್ಲ' ಅಂತ ಕರೆಯಬಹುದು.

ಆ ಮುದುಕಿ ಹೆತ್ತವರ ಗುರುತಿಲ್ಲದೆ ಅನಾಥ ಮಕ್ಕಳ ಜೊತೆ ಬೆಳೆದವಳು. ಎಪ್ಪತ್ತರ ಹತ್ತಿರ ಬಂದರೂ ಹೆಚ್ಚುಕಮ್ಮಿ ಮೂಕಿ. ಅಂಗಡಿಗೆ ಹೋದರೆ ಚೀಲ, ಚೀಟಿ ಕೊಟ್ಟು ಸುಮ್ಮನೆ ನಿಂತುಕೊಳ್ಳುತ್ತಾಳೆ. ಕೋರ್ಟಿನಲ್ಲಿ ನಿಲ್ಲಿಸಿ ತಪ್ಪು ಮಾಡಿದ್ದೀಯೋ ಇಲ್ಲವೋ ಎಂದು ಕೇಳಿದರೂ ಬಾಯಿ ಅರೆತೆರೆದು ನಿಂತಳೇ ಹೊರತು ಉತ್ತರ ಬರಲಿಲ್ಲ. ವರ್ಷಕ್ಕೆ ಒಂದೆರಡು ಸಲ, ಚಳಿಗಾಲದಲ್ಲಿ, ಹೇಳಿಬಿಡಬೇಕು ಅನ್ನುವ ತುಡಿತ ಬಂದರೆ ಹತ್ತಿರದ ಸಾರ್ವಜನಿಕ ಪಾಯಿಖಾನೆಗೆ ಓಡಿ ಅಲ್ಲಿ ಸುರಿದುಬಿಡುತ್ತಾಳೆ. ಅವಳ ಸ್ವರಾಕ್ಷರಗಳಲ್ಲಿ ಅರ್ಧ ತಪ್ಪು. ಜನ ದಿಟ್ಟಿಸಿ ನೋಡುತ್ತಾರೆ. ('ಹಾಲು' ಅನ್ನಲಾಗದೆ 'ಆಲು' ಅಂದದ್ದಕ್ಕೆ ತರಗತಿಯಲ್ಲಿ ನಗೆಪಾಟಲಾದವರಿಗೆ ಈ ದಿಟ್ಟಿಸುವಿಕೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ.) ಕೊನೆಗೆ ಒಂದು ಏಪ್ರಿಲ್ ಬೆಳಗ್ಗೆ ಹೊಲದಲ್ಲಿ ಏನೋ ಆಗಿ ಮಾತು ಕಟ್ಟೆಯೊಡೆಯುತ್ತದೆ. ಆದರೆ ಈ ಎಲ್ಲ ಕಥೆಯನ್ನೂ ಬಾಯಿ 'ಅವಳು' ಎಂದೇ ಹೇಳುತ್ತದೆ. 'ನಾನು' ಎನ್ನಬೇಕಾದ ಹಂತ ಬಂದಾಗಲೆಲ್ಲ ಬೆಚ್ಚಿ ಹಿಂದೆ ಸರಿಯುತ್ತದೆ.

ಈ ಮಾತನ್ನು ಪೋಲೆಂಡಿನ ಅಗಾತಾ ಜುಬೆಲ್ ಎಂಬ ಹೆಣ್ಣುಮಗಳು 2010ರಲ್ಲಿ ಸಂಗೀತಕ್ಕೆ ತಂದಳು. ಒಂದು ಕೊರಳು, ಕೆಲವು ವಾದ್ಯ, ಜೊತೆಗೆ ಎಲೆಕ್ಟ್ರಾನಿಕ್ ಸದ್ದು. ಬರೆದವಳೂ ಅವಳೇ, ಹಾಡುವವಳೂ ಅವಳೇ. ನಾವು ಐದು ಜನ ಒಂದು ಸಂಜೆ ಕೂತು ಇದನ್ನು ಫೋನಿನಲ್ಲಿ ಕೇಳಿದೆವು. ಪಿಸುಮಾತು, ಮಾತು, ಹಾಡು ಒಂದರೊಳಗೊಂದು ನುಗ್ಗುತ್ತವೆ. 'ಇದೇನು ಹಾಡೋ, ಜ್ವರದ ಕನವರಿಕೆಯೋ' ಅಂದರು ನಮ್ಮಲ್ಲೊಬ್ಬರು. ಆ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೂ ಅವರು ಎದ್ದು ಹೋಗಲಿಲ್ಲ.

ಜುಬೆಲ್ 1978ರಲ್ಲಿ ವ್ರೊಟ್ಸ್ವಾಫ್ ನಗರದಲ್ಲಿ ಹುಟ್ಟಿದವಳು. ಮೊದಲು ಕಲಿತದ್ದು ಬಡಿಯುವ ವಾದ್ಯ. ಆಮೇಲೆ ಅದೇ ಊರಿನ ಸಂಗೀತ ಅಕಾಡೆಮಿಯಲ್ಲಿ ಸಂಯೋಜನೆ ಮತ್ತು ಗಾಯನ ಎರಡನ್ನೂ ಓದಿದಳು, ಮುಂದೆ ಅಲ್ಲಿಯೇ ಪಾಠವನ್ನೂ ಹೇಳಿದಳು. 2001ರಲ್ಲಿ ಚೆಜಾರಿ ದುಖ್ನೋವ್ಸ್ಕಿ ಎಂಬ ಸಂಯೋಜಕನ ಜೊತೆ ಸೇರಿ 'ಎಲೆಟ್ರೋವೋಚೆ' ಎಂಬ ಜೋಡಿ ಕಟ್ಟಿದಳು. ಕೊರಳು ಇವಳದು, ಯಂತ್ರದ ಸದ್ದು ಆತನದು. ಬೆಕೆಟ್‌ನ ಕಡೆಗೆ ಮತ್ತೆ ಮತ್ತೆ ಹೋದವಳು; 2007ರ 'ಕಸ್ಕಾಂಡೋ' ಕೂಡ ಅವನ ಕವಿತೆಯಿಂದಲೇ ಹುಟ್ಟಿದ್ದು. 'ನಾಟ್ ಐ'ಗೆ 2013ರಲ್ಲಿ ಸಂಯೋಜಕರ ಅಂತರರಾಷ್ಟ್ರೀಯ ವೇದಿಕೆಯ ಮೊದಲ ಸ್ಥಾನ ಸಿಕ್ಕಿತು. ಪದವಿ, ಪ್ರಶಸ್ತಿಗಳ ಪಟ್ಟಿ ಇಷ್ಟು ಸಾಕು.

ನಮ್ಮನ್ನು ಕಾಡುವುದು ಬೇರೆ ಸಂಗತಿ. ಯುರೋಪಿನ ಸಂಗೀತದಲ್ಲಿ ಕಾಗದದ ಮೇಲೆ ಬರೆಯುವವನು ಬೇರೆ, ಅದಕ್ಕೆ ಕೊರಳು ಕೊಡುವವರು ಬೇರೆ ಎಂಬ ವ್ಯವಸ್ಥೆ ಬಲವಾಗಿ ಬೇರೂರಿತು. ಬರೆದವನು ಸೃಷ್ಟಿಕರ್ತ, ಹಾಡಿದವಳು ಸಾಧನ. ತಲೆಯ ಕೆಲಸಕ್ಕೆ ಒಂದು ಬೆಲೆ, ಮೈಯ ಕೆಲಸಕ್ಕೆ ಇನ್ನೊಂದು ಬೆಲೆ. ಈ ಲೆಕ್ಕ ಎಲ್ಲಿಂದ ಬಂತು ಅಂತ ನಮ್ಮ ಓದುಗರಿಗೆ ವಿವರಿಸಬೇಕೆ? 1961ರಲ್ಲಿ ಇಟಲಿಯ ಮಿಲಾನಿನ ರೇಡಿಯೋ ಸ್ಟುಡಿಯೋದಲ್ಲಿ ಲುಚಿಯಾನೋ ಬೆರಿಯೋ 'ವಿಸಾಜ್' ಎಂಬ ಕೃತಿ ಮಾಡಿದ. ಅದರ ಒಡಲು ಅವನ ಹೆಂಡತಿ ಕ್ಯಾಥಿ ಬರ್ಬೇರಿಯನ್‌ಳ ಕೊರಳು. ಅವಳ ನಗು, ಬಿಕ್ಕು, ತೊದಲು, ನರಳಿಕೆಗಳನ್ನು ಟೇಪಿಗೆ ಹಿಡಿದು, ಕತ್ತರಿಸಿ, ಜೋಡಿಸಿದ. ಇಡೀ ಕೃತಿಯಲ್ಲಿ ಅರ್ಥವಿರುವ ಪದ ಹೆಚ್ಚುಕಡಿಮೆ ಒಂದೇ: 'ಪರೋಲೆ', ಅಂದರೆ 'ಮಾತುಗಳು'. ಲೇಖಕನ ಜಾಗದಲ್ಲಿ ಬೆರಿಯೋ ಹೆಸರು. ಕತ್ತರಿಸಿ ಜೋಡಿಸಿದ್ದೂ ದುಡಿಮೆಯೇ, ಒಪ್ಪೋಣ. ಆದರೆ ಬಿಕ್ಕಿದ್ದು ದುಡಿಮೆಯಲ್ಲವೆ? ಮುಂದೆ ಅವರಿಬ್ಬರೂ ಬೇರೆಯಾದರು. 1966ರಲ್ಲಿ ಬರ್ಬೇರಿಯನ್ ಚಿತ್ರಕಥೆಗಳ ಧಡಾರ್ ಢಮಾರ್ ಸದ್ದುಗಳನ್ನೆಲ್ಲ ಸೇರಿಸಿ 'ಸ್ಟ್ರಿಪ್ಸೊಡಿ'ಯನ್ನು ಮಾಡಿದಳು, ಈ ಸಲ ತನ್ನ ಹೆಸರಲ್ಲಿ.

ಪೋಲೆಂಡಿನಲ್ಲಿ ಗ್ರಾಜಿನಾ ಬಾಟ್ಸೆವಿಚ್ (1909–1969) ತಾನು ಬರೆದದ್ದನ್ನು ತಾನೇ ಪಿಟೀಲಿನಲ್ಲಿ ನುಡಿಸಿ ತೋರಿಸಿದ್ದಳು. ಜುಬೆಲ್ ಅದೇ ಕೆಲಸವನ್ನು ಕೊರಳಿನಲ್ಲಿ ಮಾಡಿದಳು. ತಲೆಯೂ ತನ್ನದೇ, ಗಂಟಲೂ ತನ್ನದೇ. 'ನಾನು' ಎನ್ನುವ ಹಕ್ಕು ಪೂರಾ ಅವಳ ಕೈಗೆ ಬಂತು ಅನ್ನಿ. ಹಾಗೆ ಬಂದಮೇಲೆ ಅವಳು ಆರಿಸಿಕೊಂಡದ್ದು ಯಾರನ್ನು? 'ನಾನು' ಎನ್ನಲಾಗದ ಮುದುಕಿಯನ್ನು.

ಇಲ್ಲಿ ನಮ್ಮ ನಡುವೆ ಜಗಳ ಬಂತು. ಐರ್ಲೆಂಡಿನ ಓಣಿಗಳಲ್ಲಿ, ಬೇಲಿ ಚರಂಡಿಗಳ ಪಕ್ಕದಲ್ಲಿ ಇಂಥ ಮುದುಕಿಯರನ್ನು ತಾನು ಕಂಡಿದ್ದೆ ಎಂದು ಬೆಕೆಟ್ ಹೇಳಿದ್ದುಂಟು. ಆತ ಡಬ್ಲಿನ್ ಹೊರವಲಯದ ಅನುಕೂಲಸ್ಥರ ಮನೆಯ ಹುಡುಗ. ಅವರ ಬಾಯಿ ಇವನ ನಾಟಕವಾಯಿತು. 1973ರಲ್ಲಿ ಲಂಡನ್ನಿನಲ್ಲಿ ಬಿಲ್ಲಿ ವೈಟ್‌ಲಾ ಎಂಬ ನಟಿ ಕುರ್ಚಿಗೆ ಮೈ ಕಟ್ಟಿಸಿಕೊಂಡು, ತಲೆ ಅಲುಗದಂತೆ ಬಿಗಿಸಿಕೊಂಡು ಅದನ್ನು ಆಡಿದಳು. ಆಮೇಲೆ ಜುಬೆಲ್‌ಳ ಸಂಗೀತವಾಯಿತು, ವಿಯೆನ್ನಾದ ಕ್ಲಾಂಗ್‌ಫೋರಂ ವಾದ್ಯಗಾರರ ಜೊತೆ ಮುದ್ರಣವಾಯಿತು. ಎಲ್ಲರಿಗೂ ಹೆಸರು ಬಂತು. ಓಣಿಯ ಮುದುಕಿಗೆ ಏನು ಬಂತು? ಇದು ಕಳವಲ್ಲದೆ ಮತ್ತೇನು ಅಂದರು ಒಬ್ಬರು. ಇನ್ನೊಬ್ಬರು, ಹಾಗಾದರೆ ಬಾಯಿಲ್ಲದವರ ಬಗ್ಗೆ ಬಾಯಿದ್ದವರು ತೆಪ್ಪಗಿರಬೇಕೇನ್ರೀ ಅಂದರು. ರಾತ್ರಿ ಹತ್ತಾಯಿತು.

ನಮಗೆ ಹೊಳೆದದ್ದು ಇಷ್ಟು. 'ನಾನಲ್ಲ' ಎಂಬ ಮಾತು ಮುದುಕಿಯ ಬಾಯಲ್ಲಿ ಗಾಯ. ತನ್ನ ಬದುಕನ್ನು ತನ್ನದೆನ್ನಲಾರದಷ್ಟು ಅವಳನ್ನು ಜಗತ್ತು ಸವೆಸಿಬಿಟ್ಟಿದೆ. ಅದೇ ಮಾತು ಹಾಡುವವಳ ಬಾಯಲ್ಲಿ ಬಂದಾಗ ಪ್ರಾಮಾಣಿಕತೆ. ಆ ಬದುಕನ್ನು ಬದುಕಿದವಳು ನಾನಲ್ಲ, ಅವಳು. ನಾನು ಕೊರಳು ಮಾತ್ರ ಕೊಟ್ಟಿದ್ದೇನೆ ಎಂದಂತೆ. ಜುಬೆಲ್‌ಳ ಬಾಯಿ 'ನಾನು' ಎಂದುಬಿಟ್ಟಿದ್ದರೆ ನಾವು ಹೆಚ್ಚು ಕರಗುತ್ತಿದ್ದೆವೋ ಏನೋ. ಕಳವು ಪೂರಾ ಆಗುತ್ತಿದ್ದದ್ದು ಆಗಲೇ. ಹಾಗಂತ ಕಳವಿನ ಮಾತು ಇಲ್ಲಿಗೆ ಮುಗಿಯಿತು ಅಂತ ನಾವು ಹೇಳುವುದಿಲ್ಲ. ಪ್ರಶಸ್ತಿಯ ಪ್ರಶ್ನೆ ಹಾಗೇ ಉಳಿದಿದೆ.

ಬೆಕೆಟ್ ಬರೆದ ರಂಗದಲ್ಲಿ ಇನ್ನೊಬ್ಬರಿದ್ದಾರೆ, ಮೈತುಂಬ ನಿಲುವಂಗಿ ಹೊದ್ದು ಸದ್ದಿಲ್ಲದೆ ಕೇಳುವವರು. ಬಾಯಿ 'ನಾನು' ಎನ್ನಲೊಪ್ಪದಾಗ ಅವರು ಅಸಹಾಯಕ ಕರುಣೆಯಿಂದ ಎರಡೂ ಕೈ ಎತ್ತಿ ಇಳಿಸುತ್ತಾರೆ. ಪ್ರತಿಸಲವೂ ಕೈ ಇನ್ನಷ್ಟು ಕಮ್ಮಿ ಏಳುತ್ತದೆ. ಎಷ್ಟೋ ಪ್ರಯೋಗಗಳಲ್ಲಿ ಈ ಕೇಳುವವರನ್ನೇ ಕೈಬಿಟ್ಟಿದ್ದಾರೆ. ಅವರಿಲ್ಲದ ಕಡೆ ಕೇಳುವ ಕೆಲಸ ಎದುರಿಗೆ ಕೂತವರ ಪಾಲಿಗೆ ಬರುತ್ತದೆ; ಆ ಸಂಜೆ ನಮ್ಮ ಪಾಲಿಗೆ ಬಂದ ಹಾಗೆ.

ಈ ಲೇಖನದುದ್ದಕ್ಕೂ 'ನಾವು' ಎಂದಿದ್ದೇವೆ. ಇದೂ ಅಷ್ಟು ಸಲೀಸಾದ ಪದವಲ್ಲ. ಆ ಸಂಜೆ ಕೂತ ಐವರಲ್ಲಿ ಒಬ್ಬರು ಕೊನೆಯವರೆಗೂ ಏನೂ ಮಾತಾಡಲಿಲ್ಲ. ಅವರನ್ನು ಕೇಳದೆಯೇ ನಮ್ಮ 'ನಾವು' ಒಳಗೆ ಸೇರಿಸಿಕೊಂಡು ಇಷ್ಟು ಬರೆದಿದ್ದೇವೆ. ಮುಂದಿನ ಸಂಚಿಕೆಗೆ ಬರೀರಿ ಅಂತ ಹೇಳಿಕಳಿಸಿದ್ದೇವೆ. ಬರೆದುಕೊಟ್ಟರೆ ಒಂದಕ್ಷರ ತಿದ್ದದೆ ಅಚ್ಚುಹಾಕುತ್ತೇವೆ.