ಒಂದೇ ಅಚ್ಚಿನ ದೋಣಿಗಳು

ಎಲ್ಲರ ಕೈಗೂ ಒಂದೇ ಬಗೆಯ ಸಾಧನ ಕೊಟ್ಟುಬಿಟ್ಟರೆ ಸ್ಪರ್ಧೆ ನ್ಯಾಯವಾದದ್ದಾಗುತ್ತದೆಯೇ? ಇಪ್ಪತ್ತೆಂಟು ವರ್ಷ ಸಮವಸ್ತ್ರದ ಮಕ್ಕಳಿಗೆ ಪಾಠ ಹೇಳಿದ ನನಗೆ ಈ ಪ್ರಶ್ನೆ ಹೊಸದಲ್ಲ. ಆದರೆ ಅದು ಬಲವಾಗಿ ಕಾಡಿದ್ದು ಅಮೆರಿಕದ ರೋಡ್ ಐಲೆಂಡಿನಲ್ಲಿ, ಮಗಳ ಬಾಣಂತನಕ್ಕೆಂದು ಹೋಗಿದ್ದಾಗ.

ಅಲ್ಲಿನ ನ್ಯಾರಗ್ಯಾನ್ಸೆಟ್ ಕೊಲ್ಲಿಯಲ್ಲಿ ಸಂಜೆ ಹಾಯಿದೋಣಿಗಳ ಪಂದ್ಯ ನಡೆಯುತ್ತದೆ. ನಾನು ನೋಡಿದವು ‘ಎನ್‌ಸೈನ್’ ಎಂಬ ಹಳೆಯ ದೋಣಿಗಳು. ಕಾರ್ಲ್ ಆಲ್ಬರ್ಗ್ ರೂಪಿಸಿದ ಇವನ್ನು ಅಲ್ಲಿನದೇ ಪಿಯರ್ಸನ್ ಕಂಪನಿ 1962ರಿಂದ 1983ರವರೆಗೆ ತಯಾರಿಸಿತು; 1,700ಕ್ಕೂ ಹೆಚ್ಚು. ಉದ್ದ 22 ಅಡಿ 6 ಅಂಗುಲ. ಮರದ್ದಲ್ಲ, ಗಾಜಿನ ಎಳೆಗಳನ್ನು ರಾಳದಲ್ಲಿ ತೋಯಿಸಿ ಅಚ್ಚಿನೊಳಗೆ ಪದರ ಪದರವಾಗಿ ಕೂರಿಸಿದ ಫೈಬರ್‌ಗ್ಲಾಸ್. ತಳದಿಂದ ನೀರೊಳಕ್ಕೆ ಇಳಿದ ಕೀಲ್ ಎಂಬ ಭಾಗದಲ್ಲಿ ಸುಮಾರು 544 ಕಿಲೋ ಸೀಸವಿದೆ. ಗಾಳಿ ದೋಣಿಯನ್ನು ವಾಲಿಸಿದರೆ ಈ ಭಾರ ಮತ್ತೆ ನೆಟ್ಟಗೆ ಎಳೆದು ನಿಲ್ಲಿಸುತ್ತದೆ. ಪಂದ್ಯವಿಲ್ಲದ ದಿನ ನಾಲ್ಕಾರು ಜನ ಬುತ್ತಿ ಕಟ್ಟಿಕೊಂಡು ಸುತ್ತಿ ಬರಬಹುದು.

ನನಗೆ ಹಿಡಿಸಿದ್ದು ಇವುಗಳ ನಿಯಮ. ದುಡ್ಡಿದೆ ಎಂದು ಯಾರೂ ಹಾಯಿಯ ಅಳತೆ ಹೆಚ್ಚಿಸುವಂತಿಲ್ಲ, ಕೀಲಿನ ಆಕಾರ ತಿದ್ದುವಂತಿಲ್ಲ. ಹೀಗಾಗಿ ಅರವತ್ತರ ದಶಕದ ದೋಣಿಯೂ ಎಂಬತ್ತರದರ ಜೊತೆ ಸರಿಸಮ ಓಡುತ್ತದೆ. (ನಮ್ಮಲ್ಲೋ, ಹಳೆಯ ಮಿಕ್ಸಿಯನ್ನು ರಿಪೇರಿ ಮಾಡಿಸಿ ಇಟ್ಟುಕೊಂಡವಳಿಗೆ ಜಿಪುಣಿ ಎಂಬ ಬಿರುದು!)

“ಇಲ್ಲಿ ಗೆಲ್ಲೋದು ದೋಣಿಯಲ್ಲ ಅತ್ತೆ, ಮನುಷ್ಯ,” ಎಂದರು ಅಳಿಯ.

ಮಾತು ಚೆನ್ನಾಗಿದೆ. ಆದರೆ ಆ ಮನುಷ್ಯ ದೋಣಿ ಹತ್ತುವಾಗ ಏನೇನು ಹೊತ್ತು ತರುತ್ತಾನೆ? ಅಭ್ಯಾಸಕ್ಕೆ ಬಿಡುವಿನ ಸಂಜೆಗಳು, ತಪ್ಪದೆ ಬರುವ ಮೂವರು ಜೊತೆಗಾರರು, ಮನೆಯಲ್ಲಿ ಮಗು ನೋಡಿಕೊಳ್ಳುವವರು. ಹಾಯಿ ಹಿಡಿಯುವುದನ್ನು ಅಳಿಯನಿಗೆ ಕಲಿಸಿದ್ದೇ ನನ್ನ ಮಗಳಂತೆ. ಆ ಬೇಸಿಗೆಯಲ್ಲಿ ಅವಳು ಒಂದು ಪಂದ್ಯಕ್ಕೂ ಹೋಗಲಿಲ್ಲ.

ನನ್ನ ತರಗತಿಯಲ್ಲೂ ಹಾಗೇ. ಒಂದೇ ನೀಲಿ ಲಂಗ, ಒಂದೇ ಪ್ರಶ್ನೆಪತ್ರಿಕೆ. ಒಬ್ಬಳು ಹಾಲು ಕುಡಿದು ಬಂದಿರುತ್ತಾಳೆ, ಇನ್ನೊಬ್ಬಳು ಎಂಟು ಕೊಡ ನೀರು ಹೊತ್ತು, ತಮ್ಮನನ್ನು ಅಂಗನವಾಡಿಗೆ ಬಿಟ್ಟು ಬಂದಿರುತ್ತಾಳೆ. ಅಂಕಪಟ್ಟಿಯಲ್ಲಿ ಕೊಡಗಳ ಲೆಕ್ಕವಿಲ್ಲ. ಹಾಗೆಂದು ಸಮವಸ್ತ್ರ ಬೇಡ ಎನ್ನಲಾರೆ. ಅದೂ ಇಲ್ಲದಿದ್ದರೆ ಆ ಹುಡುಗಿ ಹರಿದ ಲಂಗದ ನಾಚಿಕೆಯನ್ನೂ ಹೊರಬೇಕಾಗುತ್ತಿತ್ತು.

ಬೇರೆ ಬೇರೆ ಜಾತಿಯ ದೋಣಿಗಳು ಒಟ್ಟಿಗೆ ಓಡುವ ಪಂದ್ಯಗಳೂ ಇವೆ. ಅಲ್ಲಿ ನಿಧಾನದ ದೋಣಿಗೆ ಮೈಲಿಗೆ ಇಷ್ಟು ಸೆಕೆಂಡು ಎಂದು ರಿಯಾಯಿತಿ ಕೊಡುತ್ತಾರೆ, ಅದನ್ನು ಯಾರೂ ಭಿಕ್ಷೆ ಎನ್ನುವುದಿಲ್ಲ. ದೋಣಿಗೆ ತೋರಿಸುವಷ್ಟು ವಿವೇಕವನ್ನು ನಮ್ಮ ಹೆಣ್ಣುಮಕ್ಕಳಿಗೆ ತೋರಿಸಬಾರದೇ?

ಊರಿಗೆ ಮರಳಿದ ಮೇಲೆ, ಬೆಳಿಗ್ಗೆ ಏಳರ ವಿಶೇಷ ತರಗತಿಯನ್ನು ಸಂಜೆಗೆ ಹಾಕಿ ಎಂದು ಶಾಲೆಯಲ್ಲಿ ಕೇಳಿದೆ. ನಲ್ಲಿ ನೀರು ಬರುವ ದಿನ ಅರ್ಧದಷ್ಟು ಹುಡುಗಿಯರು ಇರುವುದೇ ಇಲ್ಲ. “ವೇಳಾಪಟ್ಟಿ ಎಲ್ಲರಿಗೂ ಒಂದೇ ಅಲ್ಲವೇ ಮೇಡಂ?” ಎಂಬ ಉತ್ತರ ಬಂತು. ನೀರು ಬರುವ ದಿನಗಳ ಹಾಜರಿ ಪುಸ್ತಕ ಹಿಡಿದುಕೊಂಡು ಸೋಮವಾರ ಮತ್ತೆ ಹೋಗುವವಳಿದ್ದೇನೆ.