ನೆಲಕ್ಕೆ ತಾಗಿದ ಬ್ರೆಡ್ಡು

ಒಂದು ಹೋಳು ಬ್ರೆಡ್ಡಿಗೆ ಟೋಸ್ಟ್ ಆಗಬೇಕೆಂಬ ಆಸೆ. ಕಥೆ ಇಷ್ಟೇ. ಲಂಡನ್ನಿನ ಬೋಸಾ ಸ್ಟುಡಿಯೋಸ್ 2015ರಲ್ಲಿ ಹೊರತಂದ ‘ಐ ಆ್ಯಮ್ ಬ್ರೆಡ್’ ಎಂಬ ವಿಡಿಯೋ ಗೇಮಿನಲ್ಲಿ ಆಡುವವರೇ ಆ ಹೋಳು. ಕೈಕಾಲಿಲ್ಲ, ಇರುವುದು ನಾಲ್ಕು ಮೂಲೆ, ಒಂದೊಂದು ಮೂಲೆಗೆ ಒಂದೊಂದು ಗುಂಡಿ. ಗುಂಡಿ ಒತ್ತಿದರೆ ಆ ಮೂಲೆ ಕಚ್ಚಿಕೊಳ್ಳುತ್ತದೆ, ಬಿಟ್ಟರೆ ಬಿಡುತ್ತದೆ. ಒಂದು ಮೂಲೆ ಊರಿಕೊಂಡು, ಮೈ ತೂಗಿ, ಎದುರಿನ ಮೂಲೆಯನ್ನು ಎಸೆಯಬೇಕು. ಹಾಗೆ ಮಗುಚುತ್ತ, ತೆವಳುತ್ತ, ಮೇಜಿನಿಂದ ಕುರ್ಚಿಗೆ, ಕುರ್ಚಿಯಿಂದ ಗೋಡೆಗೆ, ಗೋಡೆಯಿಂದ ಟೋಸ್ಟರಿಗೆ. ತೂಕ, ಜಾರು, ಓಲಾಟ ಎಲ್ಲವೂ ಭೌತಶಾಸ್ತ್ರದ ನಿಯಮದ ಪ್ರಕಾರವೇ ನಡೆಯುವುದರಿಂದ ಹತ್ತು ನಿಮಿಷದಲ್ಲಿ ಎರಡು ಲೋಟ, ಒಂದು ತಟ್ಟೆ ಒಡೆದಿರುತ್ತವೆ. ನಾವು ಇನ್ನೂ ಟೋಸ್ಟರಿನ ಹತ್ತಿರವೂ ಹೋಗಿರುವುದಿಲ್ಲ.

ಆದರೆ ಈ ಆಟದ ಜೀವ ಇರುವುದು ಪರದೆಯ ಮೇಲಿನ ಒಂದು ಅಳತೆಯಲ್ಲಿ. ಬ್ರೆಡ್ಡು ಇನ್ನೂ ಎಷ್ಟು ತಿನ್ನಲು ಯೋಗ್ಯ ಎಂದು ಅದು ತೋರಿಸುತ್ತಿರುತ್ತದೆ. ಮೊದಲು ನೂರಕ್ಕೆ ನೂರು. ನೆಲಕ್ಕೆ ಬಿದ್ದರೆ ಇಳಿಯತೊಡಗುತ್ತದೆ, ಇರುವೆ ಹತ್ತಿದರೂ ಇಳಿಯುತ್ತದೆ. ಸೊನ್ನೆಗೆ ಬಂದರೆ ಆಟ ಮುಗಿಯಿತು. ಅಂದರೆ ಇಡೀ ಆಟ ನಿಂತಿರುವುದು ಮುಟ್ಟಬಾರದ್ದನ್ನು ಮುಟ್ಟದೆ ಆಚೆ ದಡ ಸೇರುವುದರ ಮೇಲೆ.

ಹಾಸ್ಟೆಲಿನ ರೂಮಿನಲ್ಲಿ ಮೊದಲ ಸಲ ಆಡುತ್ತ ನಾನು ಬಿದ್ದು ಬಿದ್ದು ನಕ್ಕೆ. “ಥೇಟ್ ನಮ್ಮಜ್ಜಿ ಕಣೋ!” ಅಂದೆ.

ಗೊರೂರಿನ ನಮ್ಮ ಮನೆಯಲ್ಲಿ ಬಚ್ಚಲಿನಿಂದ ಅಡುಗೆಮನೆಗೆ ಹೋಗಲು ಒಂದು ನಡುಮನೆ ದಾಟಬೇಕು. ಅಜ್ಜಿ ಬೆಳಗಿನ ಚಳಿಯಲ್ಲಿ ತಣ್ಣೀರು ಹೊಯ್ದುಕೊಂಡು, ಎತ್ತರದ ಗಳುವಿನ ಮೇಲೆ ಒಣಗಿದ್ದ ಸೀರೆಯನ್ನು ಮಡಿಕೋಲಿನಿಂದ ಇಳಿಸಿ ಉಟ್ಟುಕೊಂಡು ಹೊರಟರೆ ಆ ನಡುಮನೆ ಒಂದು ಸಮುದ್ರ. ಹಾಸಿಗೆಯ ಅಂಚು, ಒಗೆಯಲು ಬಿದ್ದ ಬಟ್ಟೆ, ಮೊಮ್ಮಕ್ಕಳು, ಎಲ್ಲವೂ ಅಪಾಯ. ಸೆರಗನ್ನು ಮುದುರಿ, ಒಂದು ಕಾಲು ಎತ್ತಿ ಇನ್ನೊಂದನ್ನು ಎಲ್ಲಿಡುವುದೆಂದು ಯೋಚಿಸುತ್ತ, ಗೋಡೆಯ ಪಕ್ಕದಲ್ಲಿ ವಾಲುತ್ತ ಅವಳು ಹೋಗುತ್ತಿದ್ದಳು. ನಾವು ಬೇಕೆಂದೇ ಒಂದು ಬೆರಳು ಚಾಚುತ್ತಿದ್ದೆವು. ತಾಗಿತೋ, ಬೈಗುಳ ಮತ್ತು ಮತ್ತೆ ಬಚ್ಚಲು. ಗೇಮಿನ ಭಾಷೆಯಲ್ಲಿ ಹೇಳುವುದಾದರೆ, ರೀಸ್ಟಾರ್ಟ್.

ವಿನಾಯಿತಿಗಳೂ ಇದ್ದವು. ಪಟ್ಟೆಸೀರೆಗೆ ಅಷ್ಟು ಬೇಗ ಮೈಲಿಗೆಯಿಲ್ಲ. ಅನ್ನ ಮುಸುರೆ, ಅವಲಕ್ಕಿ ಅಲ್ಲ. ಈ ಗೇಮಿನಲ್ಲಿಯೂ ಮೇಲಿಂದ ಮೇಲೆ ಸೋತವರಿಗೆ ಮಾಯದ ಮಾರ್ಮಲೇಡಿನ ಒಂದು ಡಬ್ಬಿ ಕಾಣಿಸಿಕೊಳ್ಳುತ್ತದೆ. ಅದನ್ನು ಮುಟ್ಟಿದ ಬ್ರೆಡ್ಡಿಗೆ ಆಮೇಲೆ ಯಾವ ನೆಲವೂ ತಾಗದು. ಇದು ನಮ್ಮಜ್ಜಿಯ ಪಟ್ಟೆಸೀರೆ ಎಂದು ನಾನು ವಿವರಿಸಿದೆ. ಗೊರೂರಿನವನು ಅಂದರೆ ಜನ ರಾಮಸ್ವಾಮಿ ಅಯ್ಯಂಗಾರರನ್ನು ನೆನೆದು ಒಂದು ನಗೆಪ್ರಸಂಗ ನಿರೀಕ್ಷಿಸುತ್ತಾರೆ. ನನ್ನ ಬಳಿ ಇರುವುದು ಇದೊಂದೇ. ಎಷ್ಟೋ ಕಡೆ ಹೇಳಿ ನಗಿಸಿದ್ದೇನೆ.

ಬ್ರೆಡ್ಡಿಗೂ ಹಾಸನದ ಸೀಮೆಗೂ ಇರುವ ನಂಟು ಇಲ್ಲಿ ನೆನಪಾಗುತ್ತದೆ. 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಾಗಿಲು ತೆರೆದ ಬೆಂಗಳೂರು ಬ್ರಾಹ್ಮಿನ್ಸ್ ಬೇಕರಿ ಹಾಸನದ ಕಡೆಯಿಂದ ಹೋದ ತಿರುಮಲಾಚಾರ್ ಸಹೋದರರದು. ಆಮೇಲೆ ಬೀದಿಗೊಂದರಂತೆ ಎದ್ದ ಅಯ್ಯಂಗಾರ್ ಬೇಕರಿಗಳ ಹಿಂದೆ ಇದೇ ಜಿಲ್ಲೆಯ ಹಳ್ಳಿಗಳ ಎಷ್ಟೋ ಕುಟುಂಬಗಳಿವೆ. ಹೊರಗಿನ ತಿಂಡಿಯೇ ಮೈಲಿಗೆ ಅನ್ನುವ ಕಾಲದಲ್ಲಿ ಬ್ರೆಡ್ಡನ್ನು ಮಡಿವಂತರ ಮನೆಯೊಳಗೆ ತಂದದ್ದು ರುಚಿಯೊಂದೇ ಅಲ್ಲ, ಬೋರ್ಡಿನ ಮೇಲಿದ್ದ ಆ ಜಾತಿಯ ಹೆಸರು ಕೂಡ. ಹಿಟ್ಟು ನಾದಿದ ಕೈ ಯಾವುದೆಂದು ಅದು ಮೊದಲೇ ಹೇಳಿಬಿಡುತ್ತಿತ್ತು. ಪರದೆಯ ಮೇಲಿನ ಅಳತೆ ಮಾಡುವುದೂ ಅದನ್ನೇ: ನೂರಕ್ಕೆ ನೂರು, ಧೈರ್ಯವಾಗಿ ತಿನ್ನಿ. (ಅಷ್ಟಾದರೂ ನಮ್ಮಜ್ಜಿ ಬ್ರೆಡ್ಡು ತಿನ್ನುತ್ತಿದ್ದದ್ದು ಜ್ವರ ಬಂದಾಗ ಮಾತ್ರ.)

ರೂಮಿಗೆ ವಾಪಸ್ ಬರುತ್ತೇನೆ. ನನ್ನ ಜೊತೆ ಆಡುತ್ತಿದ್ದ ಗೆಳೆಯ ಹೊಳೆನರಸೀಪುರದ ಕಡೆಯವನು. ನಮ್ಮೂರು ದಾಟಿದ ಹೇಮಾವತಿ ಮುಂದೆ ಹೋಗುವುದು ಅತ್ತಲೇ. ಅಜ್ಜಿಯ ಕಥೆಗೆ ಅವನೂ ನಕ್ಕ. ಆಮೇಲೆ ಕಂಟ್ರೋಲರನ್ನು ನನ್ನಿಂದ ತೆಗೆದುಕೊಳ್ಳುತ್ತ, “ನಮ್ಮಜ್ಜಿ ಈ ಆಟದಲ್ಲಿ ಎಲ್ಲಿದ್ದಾರೆ?” ಎಂದು ಕೇಳಿದ. ಸಿಟ್ಟಿನಿಂದಲ್ಲ. ಉತ್ತರಕ್ಕೆ ಕಾಯಲೂ ಇಲ್ಲ. ಬ್ರೆಡ್ಡು ಆಗಲೇ ಮೇಜಿನ ಅಂಚಿನಿಂದ ನೇತಾಡುತ್ತಿತ್ತು.

ಕೆಳಗೆ ನೆಲವಿತ್ತು.

ಆಟಗಳ ಬಗ್ಗೆ ಯೋಚಿಸಿದ ತತ್ವಜ್ಞಾನಿಗಳಲ್ಲಿ ಬರ್ನಾರ್ಡ್ ಸೂಟ್ಸ್ ನನಗೆ ಇಷ್ಟ. 1978ರ ‘ದ ಗ್ರಾಸ್‌ಹಾಪರ್’ ಪುಸ್ತಕದಲ್ಲಿ ಆತ ಹೇಳುವ ಪ್ರಕಾರ, ಅಗತ್ಯವಿಲ್ಲದ ಅಡ್ಡಿಗಳನ್ನು ತಾನಾಗಿ ಒಪ್ಪಿಕೊಂಡು ದಾಟಲು ಹೆಣಗುವುದೇ ಆಟ. ಬ್ರೆಡ್ಡನ್ನು ಕೈಯಲ್ಲಿ ಎತ್ತಿ ಟೋಸ್ಟರಿಗೆ ಹಾಕಬಹುದು, ಆದರೆ ಹಾಗೆ ಮಾಡುವುದಿಲ್ಲವೆಂದು ಒಪ್ಪಿಕೊಂಡರಷ್ಟೇ ಮಜಾ. ಅಜ್ಜಿಯ ಮಡಿಯನ್ನು ಈ ಮಾತಿನ ಪಕ್ಕದಲ್ಲಿಟ್ಟು ನೋಡಿದರೆ ಅರ್ಧ ಹೊಂದುತ್ತದೆ. ಅಡ್ಡಿ ಅಗತ್ಯವಿರಲಿಲ್ಲ, ಅದು ನಿಜ. ತಾನಾಗಿ ಒಪ್ಪಿದ್ದಳೇ? ಪೂರ್ತಿ ಹಾಗೆನ್ನಲಾರೆ. ಹದಿಹರೆಯದಲ್ಲಿ ಮದುವೆಯಾಗಿ ಬಂದವಳನ್ನು ಯಾರೂ ಕೇಳಿರಲಾರರು. ಮಾಘದ ಚಳಿಯಲ್ಲಿ ಅವಳು ನಡುಗಿದ್ದು ನಿಜವಾದ ನಡುಕವೇ. ಆದರೂ ಅವಳ ಮಡಿಗೊಂದು ಮಧ್ಯಾಹ್ನವಿತ್ತು. ಊಟ ಮುಗಿದು, ಸೀರೆ ಬದಲಾಯಿಸಿದರೆ ಆಟ ನಿಂತಿತು. ಬೆಳಗ್ಗೆ ನನ್ನ ಬೆರಳಿಗೆ ಹೆದರಿ ಓಡಿದವಳೇ ಆಮೇಲೆ ನನ್ನನ್ನು ತೊಡೆಯ ಮೇಲೆ ಎಳೆದುಕೊಂಡು ತಲೆ ಬಾಚುತ್ತಿದ್ದಳು.

ಗೆಳೆಯನ ಅಜ್ಜಿಗೆ ಆ ಮಧ್ಯಾಹ್ನ ಇರಲಿಲ್ಲ. ಮುಟ್ಟಬಾರದು ಎಂಬ ನಿಯಮಕ್ಕೆ ಇಬ್ಬರು ಬೇಕು, ಮುಟ್ಟಬಾರದವರು ಮತ್ತು ಮುಟ್ಟಿಸಿಕೊಳ್ಳಬಾರದವರು. ಮೊದಲನೆಯವರ ಫಜೀತಿ ನಡುಮನೆಯಲ್ಲಿ ಎಲ್ಲರ ಕಣ್ಣೆದುರು ನಡೆಯುತ್ತದೆ, ಅದಕ್ಕೇ ನಗು ಬರುತ್ತದೆ. ಎರಡನೆಯವರನ್ನು ನಿಯಮವೇ ಹಿತ್ತಿಲಿನಾಚೆ ನಿಲ್ಲಿಸಿರುವುದರಿಂದ ಅವರು ಕಥೆಯೊಳಗೆ ಬರುವುದೇ ಇಲ್ಲ. ನಾನು ಯಾರನ್ನೂ ಹೀಯಾಳಿಸಲಿಲ್ಲ, ನನ್ನ ಅಜ್ಜಿಯನ್ನೇ ಗೇಲಿ ಮಾಡಿದೆ ಎಂದು ನಾನು ವಾದಿಸಬಹುದು. ವಾದಿಸಿದೆ ಕೂಡ, ಮನಸ್ಸಿನೊಳಗೇ, ಎರಡು ದಿನ. ಆದರೆ ನೆಲವನ್ನು ಬರೀ ನೆಲವೆಂದು ತಿಳಿಯದೆ ಆ ನಗು ಹುಟ್ಟುವುದಿಲ್ಲ. ಬ್ರೆಡ್ಡಿನ ಅಂಕ ಇಳಿಯುವಾಗ ನೆಲ ಏನೂ ಮಾಡಿರುವುದಿಲ್ಲ, ಸುಮ್ಮನೆ ಅಲ್ಲಿರುತ್ತದೆ. ಸುಮ್ಮನೆ ಇರುವುದೇ ತಪ್ಪು ಎಂದು ಒಬ್ಬ ಮನುಷ್ಯಳಿಗೆ ಹೇಳಿದರೆ ಹೇಗಿರುತ್ತದೆ ಎಂದು ಊಹಿಸಲು ಯತ್ನಿಸಿದೆ. ನನ್ನ ಊಹೆಗೆ ಬೆಲೆ ಕಡಿಮೆ ಎಂದೂ ಗೊತ್ತು. ಅನಂತಮೂರ್ತಿಯವರ ‘ಭಾರತೀಪುರ’ದ ಜಗನ್ನಾಥ ಹೊಲೆಯರ ಮುಂದೆ ಸಾಲಿಗ್ರಾಮ ಹಿಡಿದು ಮುಟ್ಟಿ ಎನ್ನುತ್ತಾನೆ, ಅವರು ಹೆದರಿ ಹಿಂಜರಿದಾಗ ಅವನ ದನಿಯೇ ಕ್ರೂರವಾಗುತ್ತದೆ. ಆಟ ಮುರಿಯುವುದನ್ನೂ ಅವನೇ ನಿರ್ಧರಿಸಿದ್ದ.

ಒಂದು ವಿಷಯದಲ್ಲಿ ಈ ತಮಾಷೆಯ ಗೇಮು ನನಗಿಂತ ಪ್ರಾಮಾಣಿಕ. ಬ್ರೆಡ್ಡು ಧ್ವಂಸ ಮಾಡುವ ಆ ಮನೆಗೆ ಮರ್ಟನ್ ಎಂಬ ಯಜಮಾನನಿದ್ದಾನೆ. ದಿನದಿನವೂ ಮನೆ ಚೆಲ್ಲಾಪಿಲ್ಲಿ, ಇದು ಬ್ರೆಡ್ಡಿನ ಕೆಲಸ ಎಂದರೆ ಯಾರೂ ನಂಬುವುದಿಲ್ಲ. ಹಂತಹಂತದ ನಡುವೆ ಅವನ ಮನೋವೈದ್ಯರ ಟಿಪ್ಪಣಿಗಳು ಬರುತ್ತವೆ. ಅವಸರದಲ್ಲಿ ಅವುಗಳನ್ನು ಓದದೆ ದಾಟಿಸಿಬಿಡುತ್ತಿದ್ದೆ. ನಾವು ನಗುತ್ತ ಟೋಸ್ಟರಿನ ಕಡೆ ತೆವಳುವಾಗ ಪರದೆಯಾಚೆ ಒಬ್ಬ ಮನುಷ್ಯ ಕುಸಿಯುತ್ತಿದ್ದಾನೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು.

ಆಮೇಲೆ ರಜೆಗೆ ಗೊರೂರಿಗೆ ಹೋದಾಗ, ಗದ್ದೆ ಕೆಲಸಕ್ಕೆ ಬರುತ್ತಿದ್ದ ಹೆಂಗಸರಿಗೆ ಅಜ್ಜಿ ಮಜ್ಜಿಗೆ ಎಲ್ಲಿ ಕೊಡುತ್ತಿದ್ದಳು ಎಂದು ಅಮ್ಮನನ್ನು ಕೇಳಿದೆ. ಅಮ್ಮ ಮೊರದಿಂದ ತಲೆಯೆತ್ತದೆ ಹಿತ್ತಿಲ ಬಾಗಿಲಿನ ಕಡೆ ಗದ್ದ ತೋರಿಸಿದಳು. “ಎತ್ತರದಿಂದ ಹೊಯ್ಯೋರು, ಅವರು ಬೊಗಸೆ ಒಡ್ಡೋರು.” ಬಾಗಿಲ ಹೊರಗೆ ಒಂದು ಚಪ್ಪಡಿ ಕಲ್ಲಿದೆ. ಚಿಕ್ಕವನಿದ್ದಾಗ ಅದರ ಮೇಲೆ ಕೂತು ಕಾಲು ತೊಳೆಯುತ್ತಿದ್ದೆ.

ಮಡಿಯ ಕಥೆಯನ್ನು ಈಗಲೂ ಹೇಳುತ್ತೇನೆ. ನಡುಮನೆಯಲ್ಲಿ ಶುರುಮಾಡಿ ಹಿತ್ತಿಲ ಕಲ್ಲಿನವರೆಗೂ ಹೋಗುತ್ತೇನೆ. ಮೊದಲರ್ಧಕ್ಕೆ ಜನ ಮೊದಲಿನಂತೆಯೇ ನಗುತ್ತಾರೆ, ನಾನೂ ನಗುತ್ತೇನೆ. ಗೆಳೆಯ ಅಲ್ಲಿದ್ದರೆ ಅವನ ಕಡೆ ನೋಡುತ್ತೇನೆ. ಅವನು ಒಮ್ಮೊಮ್ಮೆ ನಗುತ್ತಾನೆ, ಒಮ್ಮೊಮ್ಮೆ ಇಲ್ಲ.